ಬಾಳೆಯ ಎಲೆಚುಕ್ಕೆ ರೋಗವೂ ಅದರ ನಿವಾರಣೋಪಾಯಗಳೂ

(ಮದ್ದೂರು, ಮಳವಳ್ಳಿ ಸೀಮೆಯ ಹಿಡುವಳಿದಾರರ ಮತ್ತು ಗ್ರಾಮದ ಯಜಮಾನರ ತಿಳಿವಳಿಕೆಗಾಗಿ)

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಲ್ಲಿಯೂ ಅದರ ಸುತ್ತಣ ಸೀಮೆಯಲ್ಲಿಯೂ ಬಾಳೆಯು ಈಗ ಹಿತ್ತಲಿನ ಗಿಡವಾಗಿ ಮಾತ್ರ ಉಳಿದಿಲ್ಲ. ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ ಇವುಗಳ ನಡುವೆ ಬಾಳೆಯೂ ಒಂದು ಮುಖ್ಯ ಹಣದ ಬೆಳೆಯಾಗಿದೆ. ಏಲಕ್ಕಿ ಬಾಳೆ, ಪಚ್ಚಬಾಳೆ, ಅಂಗಾಂಶ ಕೃಷಿಯಿಂದ ಬಂದ ಜಿ-9 ಮುಂತಾದ ತಳಿಗಳನ್ನು ಎಕರೆಗಟ್ಟಲೆ ನೆಡುತ್ತಿರುವುದು ಎಲ್ಲರೂ ಕಂಡ ವಿಷಯ. ಹೀಗೆ ಒಂದೇ ಬೆಳೆಯು ಒತ್ತಾಗಿ ಬೆಳೆದ ಕಡೆಯಲ್ಲೆಲ್ಲ ಅದರ ರೋಗಗಳೂ ಬಲಗೊಳ್ಳುವುದು ಸಹಜ. ಅಂತಹ ರೋಗಗಳಲ್ಲಿ ಎಲೆಚುಕ್ಕೆ ರೋಗವು ಮುಖ್ಯವಾದುದು. ಇದನ್ನು ಸಿಗಟೋಕ ರೋಗವೆಂದೂ ಕರೆಯುವುದುಂಟು.

ಈ ರೋಗದಿಂದ ಗಿಡವು ಸಾಯುವುದಿಲ್ಲ. ಆದಕಾರಣವೇ ರೈತರು ಇದನ್ನು ಅಲಕ್ಷ್ಯ ಮಾಡುತ್ತಾರೆ. ಎಲೆ ಒಣಗಿದರೆ ಹಳೆಯದಾಯಿತೆಂದು ಭಾವಿಸುತ್ತಾರೆ. ನಷ್ಟವು ತಿಳಿಯುವುದು ಗೊನೆ ಕಡಿದು ತೂಕಕ್ಕೆ ಹಾಕಿದ ದಿನ. ಕಾಯಿ ಸಣಕಲಾಗಿ, ಮೂಲೆಗಳು ತುಂಬದೆ, ಕೆಲವು ಚಿಪ್ಪುಗಳು ಗಿಡದಲ್ಲಿಯೇ ಹಣ್ಣಾಗಲು ತೊಡಗಿರುತ್ತವೆ. ದೂರದ ಪೇಟೆಗೆ ಕಳುಹಿಸಿದ ಗೊನೆ ದಾರಿಯಲ್ಲಿಯೇ ಹಣ್ಣಾಗಿ ವರ್ತಕನು ಬೆಲೆ ಮುರಿಯುತ್ತಾನೆ. ಆರು ಅಡಿಗೆ ಆರು ಅಡಿಯಂತೆ ನೆಟ್ಟ ಎಕರೆಯಲ್ಲಿ ಸುಮಾರು 1,210 ಗಿಡಗಳಿರುತ್ತವೆ. ಗೊನೆ ಒಂದಕ್ಕೆ ಎರಡೇ ಕಿಲೋ ಇಳಿಯಿತೆಂದು ಇಟ್ಟುಕೊಂಡರೂ ಎಕರೆಗೆ 2,420 ಕಿಲೋ ಕಾಯಿ ಹೋದ ಹಾಗಾಯಿತು. ಈ ಲೆಕ್ಕವನ್ನು ಪ್ರತಿಯೊಬ್ಬ ಹಿಡುವಳಿದಾರನೂ ತನ್ನ ತೋಟದ ಗೊನೆಯ ತೂಕವನ್ನು ಹಿಡಿದು ತಾನೇ ಮಾಡಿಕೊಳ್ಳಬಹುದು.

1. ರೋಗದ ಪೂರ್ವೋತ್ತರ

ಈ ರೋಗವನ್ನು ಮೊದಲು ವರ್ಣಿಸಿದುದು 1902ರಲ್ಲಿ, ಜಾವಾ ದ್ವೀಪದಲ್ಲಿ. ಅನಂತರ ಫಿಜಿ ದ್ವೀಪದ ಸಿಗಟೋಕ ಎಂಬ ಕಣಿವೆಯಲ್ಲಿ 1912ರ ಹೊತ್ತಿಗೆ ತೋಟಗಳನ್ನು ಬಹಳವಾಗಿ ಕೆಡಿಸಿತು. ಆ ಕಣಿವೆಯ ಹೆಸರೇ ರೋಗಕ್ಕೆ ನಿಂತಿತು. 1930ರ ದಶಕದಲ್ಲಿ ಇದು ಮಧ್ಯ ಅಮೆರಿಕದ ದೊಡ್ಡ ದೊಡ್ಡ ಬಾಳೆ ತೋಟಗಳಿಗೆ ತಗುಲಿತು. ಇದಕ್ಕಿಂತ ಉಗ್ರವಾದ ಕಪ್ಪು ಸಿಗಟೋಕ ರೋಗವು 1963ರಲ್ಲಿ ಫಿಜಿಯಲ್ಲಿಯೇ ಕಂಡುಬಂದಿತು. ಇವೆರಡಕ್ಕೂ ಹತ್ತಿರದ ಸಂಬಂಧವುಳ್ಳ ಮೂರನೆಯ ಶಿಲೀಂಧ್ರವೊಂದನ್ನು 2000ದ ಹೊತ್ತಿಗೆ ಸಂಶೋಧಕರು ಗುರುತಿಸಿದರು. ಅದು ದಕ್ಷಿಣ ಭಾರತದ ತೋಟಗಳಲ್ಲಿಯೂ ಇದೆ.

ಬರಿಯ ಕಣ್ಣಿನಿಂದ ಇವುಗಳನ್ನು ಬೇರೆ ಬೇರೆ ಎಂದು ಗುರುತಿಸುವುದು ಕಷ್ಟ, ರೈತರಿಗೆ ಅದು ಅವಶ್ಯವೂ ಅಲ್ಲ. ಎಲ್ಲವೂ ಬೂಷ್ಟಿನ ಜಾತಿಗೆ ಸೇರಿದ ಶಿಲೀಂಧ್ರಗಳಿಂದ ಬರುವಂಥವು. ಎಲ್ಲವೂ ತೇವದಲ್ಲಿ ಬೆಳೆದು, ಎಲೆಯನ್ನು ಒಂದೇ ರೀತಿಯಲ್ಲಿ ಒಣಗಿಸುತ್ತವೆ. ಇವುಗಳಿಗೆ ಮಾಡತಕ್ಕ ಉಪಾಯಗಳೂ ಬಹುಮಟ್ಟಿಗೆ ಒಂದೇ.

2. ರೋಗದ ಲಕ್ಷಣಗಳು

ಸುಳಿಯಿಂದ ಈಚೆಗೆ ಪೂರ್ಣವಾಗಿ ಬಿಚ್ಚಿದ ಎಲೆಯನ್ನು ಒಂದನೆಯದೆಂದು ಎಣಿಸಿಕೊಂಡು ಕೆಳಕ್ಕೆ ಬರಬೇಕು. ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ಎಲೆಯಲ್ಲಿ ರೋಗದ ಮೊದಲ ಗುರುತು ಕಾಣುತ್ತದೆ. ಎಲೆಯ ನರಗಳಿಗೆ ಸಮಾನಾಂತರವಾಗಿ ಸೂಜಿಯ ಮೊನೆಯಷ್ಟು ಸಣ್ಣ ತಿಳಿಹಳದಿ ಅಥವಾ ಹಸುರುಹಳದಿ ಚುಕ್ಕೆಗಳು ಮೂಡುತ್ತವೆ. ಅವು ಉದ್ದವಾಗಿ ಗೀರುಗಳಾಗುತ್ತವೆ. ಗೀರುಗಳು ಕಂದುಬಣ್ಣಕ್ಕೆ ತಿರುಗಿ, ಎರಡು ತುದಿಗಳಲ್ಲಿ ಚೂಪಾದ ಕದಿರಿನ ಆಕಾರವನ್ನು ತಾಳುತ್ತವೆ. ಕೊನೆಗೆ ನಡುಭಾಗವು ಬೂದುಬಣ್ಣವಾಗಿ ಒಣಗಿ, ಸುತ್ತಲೂ ಕಪ್ಪು ಅಂಚೂ ಅದರಾಚೆಗೆ ಹಳದಿಯ ಬಳೆಯೂ ನಿಲ್ಲುತ್ತವೆ. ಇಂತಹ ಚುಕ್ಕೆಗಳು ನೂರಾರು ಸೇರಿದಾಗ ಎಲೆಯು ಅಂಚಿನಿಂದ ಒಳಕ್ಕೆ ಸುಟ್ಟಂತಾಗಿ ದಿಂಡಿಗೆ ಜೋತುಬೀಳುತ್ತದೆ.

ಬೇರೆ ಕೆಲವು ತೊಂದರೆಗಳನ್ನು ಇದೇ ರೋಗವೆಂದು ತಿಳಿದು ವೃಥಾ ಔಷಧಿಗೆ ಹಣ ಸುರಿಯುವುದುಂಟು. ಕೆಳಗಿನ ಹಳೆಯ ಎಲೆಗಳು ಚುಕ್ಕೆಯಿಲ್ಲದೆ ಅಂಚಿನಿಂದ ಹಳದಿಯಾಗಿ ಒಣಗಿದರೆ ಅದು ಪೊಟ್ಯಾಷಿನ ಕೊರತೆಯಾಗಿರಬಹುದು. ಎಲೆಗಳು ಹಳದಿಯಾಗಿ ಬುಡದಲ್ಲಿ ಮುರಿದು ಜೋತುಬಿದ್ದು, ದಿಂಡನ್ನು ಅಡ್ಡಲಾಗಿ ಕತ್ತರಿಸಿದಾಗ ಒಳಗೆ ಕೆಂಗಂದು ಬಣ್ಣದ ಗೆರೆಗಳು ಕಂಡರೆ ಅದು ಸೊರಗು ರೋಗ. ನಂಜನಗೂಡು ರಸಬಾಳೆಯನ್ನು ಕ್ಷೀಣದೆಸೆಗೆ ತಂದುದು ಈ ಸೊರಗು ರೋಗವೇ. ಏಲಕ್ಕಿ ಬಾಳೆಗೂ ಇದರ ಭಯವುಂಟು. ಇದು ಮಣ್ಣಿನಿಂದ ಬೇರಿನ ಮೂಲಕ ಬರತಕ್ಕದ್ದಾದ್ದರಿಂದ ಎಲೆಗೆ ಎಷ್ಟು ಔಷಧಿ ಹೊಡೆದರೂ ವಾಸಿಯಾಗುವುದಿಲ್ಲ. ಎಲೆಚುಕ್ಕೆ ರೋಗದಲ್ಲಿಯಾದರೋ ದಿಂಡೂ ಗೆಡ್ಡೆಯೂ ಶುದ್ಧವಾಗಿರುತ್ತವೆ. ಪಚ್ಚಬಾಳೆ, ಜಿ-9 ಮುಂತಾದ ಕುಳ್ಳು ಜಾತಿಯ ತಳಿಗಳಿಗೆ ಎಲೆಚುಕ್ಕೆ ಬೇಗನೆ ತಗಲುತ್ತದೆಂಬುದನ್ನು ನೆನಪಿನಲ್ಲಿಡಬೇಕು.

3. ರೋಗವು ಹರಡುವ ಬಗೆ

ಈ ಶಿಲೀಂಧ್ರಕ್ಕೆ ಎರಡು ಬಗೆಯ ಬೀಜಾಣುಗಳಿವೆ. ಮೊದಲನೆಯ ಬಗೆಯವು ಚುಕ್ಕೆಗಳ ಮೇಲೆ ಹುಟ್ಟಿ, ಮಳೆಯ ಹನಿಯಲ್ಲಿಯೂ ಇಬ್ಬನಿಯ ನೀರಿನಲ್ಲಿಯೂ ಸೇರಿ ಮೇಲಿನ ಎಲೆಯಿಂದ ಕೆಳಗಿನ ಎಲೆಗೆ, ತಾಯಿಗಿಡದಿಂದ ಕಂದಿಗೆ ಇಳಿಯುತ್ತವೆ. ಎರಡನೆಯ ಬಗೆಯವು ಪೂರ್ತಿಯಾಗಿ ಒಣಗಿದ ಎಲೆಗಳೊಳಗೆ ಬಲಿಯುತ್ತವೆ. ಒಣಗಿದ ಎಲೆ ಮಳೆಯಲ್ಲಿ ನೆನೆದೊಡನೆ ಇವು ಗಾಳಿಗೆ ಚಿಮ್ಮಿ ದೂರದ ತೋಟಗಳಿಗೂ ಹಾರಿಹೋಗುತ್ತವೆ. ಎಲೆ ತೇವವಾಗಿದ್ದರೆ ಬೀಜಾಣು ಮೊಳೆತು, ಎಲೆಯ ಉಸಿರುರಂಧ್ರಗಳ ಮೂಲಕ ಒಳಗೆ ನುಗ್ಗುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ.

ಮೊದಲನೆಯದು: ರೋಗವು ತಗಲುವುದು ಎಳೆಯ ಎಲೆಗೆ, ಕಾಣುವುದು ವಾರಗಳ ಮೇಲೆ ಬಲಿತ ಎಲೆಯಲ್ಲಿ. ಆದ್ದರಿಂದ ಕೆಳಗಿನ ಒಣಗಿದ ಎಲೆಗೆ ಔಷಧಿ ಹೊಡೆಯುವುದು ವ್ಯರ್ಥ. ಸುಳಿ ಎಲೆಯನ್ನೂ ಮೇಲಿನ ನಾಲ್ಕೈದು ಎಲೆಗಳನ್ನೂ ಕಾಪಾಡಬೇಕು.

ಎರಡನೆಯದು: ಗಿಡದಲ್ಲಿ ಜೋತುಬಿದ್ದಿರುವ ಒಣ ಎಲೆಯೇ ರೋಗದ ಕಣಜ. ಅದು ಅಲ್ಲಿರುವವರೆಗೆ ಪ್ರತಿ ಮಳೆಗೂ ಹೊಸ ಬಿತ್ತನೆಯಾಗುತ್ತಲೇ ಇರುತ್ತದೆ.

ಮೂರನೆಯದು: ಬೀಜಾಣುವು ಬೇಲಿಯನ್ನು ಗಣಿಸುವುದಿಲ್ಲ. ಒಬ್ಬನು ತನ್ನ ತೋಟವನ್ನು ಎಷ್ಟು ಶುಚಿಯಾಗಿಟ್ಟರೂ ಪಕ್ಕದಲ್ಲಿ ಯಾರೋ ಕೈಬಿಟ್ಟ ಕೂಳೆ ಬಾಳೆಯ ತೋಟವಿದ್ದರೆ ಅವನ ಶ್ರಮದಲ್ಲಿ ಬಹುಭಾಗವು ನಷ್ಟವಾಗುತ್ತದೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗಳ ಮೂಲಕ ಮಂಡ್ಯ ಸೀಮೆಗೆ ಹರಿದಂದಿನಿಂದ ರಾಗಿಯ ಹೊಲಗಳೆಷ್ಟೋ ತರಿಯಾದವು. ಅದರಿಂದ ಸೀಮೆಗೆ ಸಂಪತ್ತು ಬಂದಿತು. ಆದರೆ ನಾಲೆಯ ನೀರಿನ ಗದ್ದೆಗಳ ಮಗ್ಗುಲಿನಲ್ಲಿ ಬಾಳೆಯನ್ನಿಟ್ಟರೆ ಬಸಿನೀರು ನಿಂತು ತೋಟದೊಳಗೆ ಯಾವಾಗಲೂ ತೇವವಿರುತ್ತದೆ. ನಮ್ಮ ಸೀಮೆಗೆ ಉತ್ತರೆ, ಹಸ್ತ, ಚಿತ್ತೆ ಮಳೆಗಳೇ ಬಲವಾದವು. ಅವುಗಳ ಹಿಂದೆಯೇ ಇಬ್ಬನಿಯ ಕಾಲ ಬರುತ್ತದೆ. ಆದಕಾರಣ ಜೂನ್ ತಿಂಗಳಲ್ಲಿ ತಲೆದೋರಿದ ರೋಗವು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಉಲ್ಬಣಾವಸ್ಥೆಯಲ್ಲಿರುತ್ತದೆ.

4. ಎಲೆಯ ಲೆಕ್ಕ

ಬಾಳೆಯು ಮೂತಿ ಹೊರಟ ಮೇಲೆ ಹೊಸ ಎಲೆಯನ್ನು ಬಿಡುವುದಿಲ್ಲ. ಆ ಹೊತ್ತಿಗೆ ಗಿಡದ ಮೇಲೆ ಉಳಿದಿರುವ ಎಲೆಗಳೇ ಮುಂದಿನ ಮೂರು ನಾಲ್ಕು ತಿಂಗಳು ಗೊನೆಯನ್ನು ಪೋಷಿಸಬೇಕು. ಮೂತಿ ಹೊರಡುವಾಗ ಕನಿಷ್ಠ ಎಂಟು ಹಸುರಾದ ಎಲೆಗಳಿದ್ದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಉಳಿದ ಉಪಾಯಗಳ ಉದ್ದೇಶವು ತಾನಾಗಿಯೇ ತಿಳಿಯುತ್ತದೆ. ಎಲ್ಲ ಚುಕ್ಕೆಗಳನ್ನೂ ನಿರ್ಮೂಲ ಮಾಡುವುದು ಅಸಾಧ್ಯ. ಮೂತಿ ಹೊರಡುವ ದಿನಕ್ಕೆ ಎಂಟು ಎಲೆಗಳನ್ನು ಉಳಿಸಿಕೊಳ್ಳುವುದು ಸಾಧ್ಯ, ಅದೇ ಸಾಕು.

ಇದಕ್ಕಾಗಿ ಪ್ರತಿ ತೋಟದಲ್ಲಿಯೂ ಅಲ್ಲಲ್ಲಿ ಹತ್ತು ಗಿಡಗಳನ್ನು ಆರಿಸಿ ಗುರುತು ಹಾಕತಕ್ಕದ್ದು. ಮಳೆಗಾಲದಲ್ಲಿ ವಾರಕ್ಕೊಂದಾವರ್ತಿ ಅವುಗಳ ಬಳಿ ನಿಂತು ಎರಡು ಅಂಕಿಗಳನ್ನು ಬರೆದಿಡಬೇಕು. ಒಂದು, ಗಿಡದಲ್ಲಿರುವ ಹಸುರು ಎಲೆಗಳ ಸಂಖ್ಯೆ. ಎರಡು, ಮೇಲಿನಿಂದ ಎಣಿಸಿದರೆ ಒಣಗಿದ ಚುಕ್ಕೆಯಿರುವ ಮೊದಲನೆಯ ಎಲೆ ಎಷ್ಟನೆಯದು ಎಂಬುದು. ಎರಡನೆಯ ಅಂಕಿಯು ವಾರವಾರಕ್ಕೆ ದೊಡ್ಡದಾಗುತ್ತಿದ್ದರೆ ಗಿಡವು ರೋಗವನ್ನು ಹಿಂದೆ ಹಾಕುತ್ತಿದೆಯೆಂದು ತಿಳಿಯಬೇಕು. ಚಿಕ್ಕದಾಗುತ್ತಿದ್ದರೆ ರೋಗವು ಸುಳಿಯ ಕಡೆಗೆ ಏರುತ್ತಿದೆ, ಕೂಡಲೆ ಸಿಂಪರಣೆಗೆ ಸಿದ್ಧವಾಗಬೇಕು. ಓದುಬರಹ ಬಲ್ಲ ಹುಡುಗನೊಬ್ಬನು ಮಾಡಬಹುದಾದ ಈ ಕೆಲಸವು ಎಷ್ಟೋ ಅನಾವಶ್ಯಕ ಸಿಂಪರಣೆಗಳನ್ನು ಉಳಿಸುತ್ತದೆ.

5. ತೋಟದ ಶುಚಿ

ಔಷಧಿಗೆ ಮುಂಚಿನ ಕೆಲಸ ಕತ್ತಿಯದು. ಅರ್ಧಕ್ಕಿಂತ ಹೆಚ್ಚು ಒಣಗಿದ ಎಲೆಗಳನ್ನು ಬುಡದಲ್ಲಿ ಕೊಯ್ದು ತೆಗೆಯಬೇಕು. ತುದಿ ಅಥವಾ ಒಂದು ಮಗ್ಗುಲು ಮಾತ್ರ ಒಣಗಿದ್ದರೆ ಆ ಭಾಗವನ್ನಷ್ಟೇ ಕತ್ತರಿಸಿ, ಹಸುರು ಭಾಗವನ್ನು ಬಿಡಬೇಕು. ನಾಲ್ಕು ಚುಕ್ಕೆ ಕಂಡ ಎಲೆಯನ್ನೆಲ್ಲ ಸವರಿಹಾಕುವವನು ರೋಗವು ಮಾಡಬೇಕಾದ ನಷ್ಟವನ್ನು ತಾನೇ ಮಾಡಿಕೊಳ್ಳುತ್ತಾನೆ.

ಕೊಯ್ದ ಎಲೆಗಳನ್ನು ಬದುಗಳ ಮೇಲೆ ಎಸೆಯಬಾರದು, ಬೇಲಿಗೆ ಒರಗಿಸಲೂಬಾರದು. ತಿಪ್ಪೆಯ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಸಗಣಿಯ ಬಗ್ಗಡ ಎರಚಿ, ಮಣ್ಣು ಮುಚ್ಚಿದರೆ ಕೊಳೆತು ಒಳ್ಳೆಯ ಗೊಬ್ಬರವಾಗುತ್ತವೆ, ಬೀಜಾಣುಗಳೂ ನಾಶವಾಗುತ್ತವೆ. ಗುಂಡಿಗೆ ಒಯ್ಯಲು ಆಳು ಸಾಲದಿದ್ದರೆ ಸಾಲಿನ ನಡುವೆ ನೆಲಕ್ಕೆ ಒತ್ತಾಗಿ ಒಂದರ ಮೇಲೊಂದು ಹಾಸಿದರೂ ಆದೀತು. ನೆಲದಲ್ಲಿ ಬೇಗ ಕೊಳೆಯುವ ಎಲೆಯು ಗಿಡದಲ್ಲಿ ಜೋತಾಡುವ ಎಲೆಯಷ್ಟು ಕೇಡು ಮಾಡದು.

ಇದರೊಂದಿಗೆ ಈ ಕೆಳಗಿನ ಕ್ರಮಗಳನ್ನೂ ಅನುಸರಿಸತಕ್ಕದ್ದು:

(ಅ) ಗಿಡಗಳನ್ನು ಇಕ್ಕಟ್ಟಾಗಿ ನೆಡಬಾರದು. ಒಳಗೆ ಗಾಳಿ ಬೆಳಕು ಆಡಿದರೆ ಎಲೆಯ ತೇವ ಬೇಗ ಆರುತ್ತದೆ.

(ಆ) ಬುಡಕ್ಕೆ ಒಂದು ಕಂದನ್ನು ಮಾತ್ರ ಬಿಟ್ಟು ಉಳಿದವನ್ನು ಆಗಾಗ್ಗೆ ಕೀಳಬೇಕು.

(ಇ) ಗದ್ದೆಯ ಪಕ್ಕದ ತೋಟಕ್ಕೆ ಬಸಿಗಾಲುವೆ ತೆಗೆದು ನಿಂತ ನೀರನ್ನು ಹೊರಕ್ಕೆ ಬಿಡಬೇಕು.

(ಈ) ನೀರನ್ನು ಬುಡಕ್ಕೆ ಕೊಡಬೇಕು. ಹನಿ ನೀರಾವರಿ ಉತ್ತಮ. ಎಲೆಯ ಮೇಲೆ ನೀರು ಚಿಮುಕಿಸುವ ಪದ್ಧತಿಯು ಈ ಬೆಳೆಗೆ ತಕ್ಕುದಲ್ಲ.

(ಉ) ಯೂರಿಯಾ ಒಂದನ್ನೇ ಹಾಕಿ ಪೊಟ್ಯಾಷನ್ನು ಮರೆಯಬಾರದು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಬೇಗ ಬೇಗ ಎಲೆ ಬಿಡುವ ಗಿಡವು ರೋಗಕ್ಕಿಂತ ಮುಂದಿರುತ್ತದೆ.

6. ಶಿಲೀಂಧ್ರನಾಶಕಗಳ ಸಿಂಪರಣೆ

ಮೇಲ್ಕಂಡ ಕೆಲಸಗಳಾದ ಮೇಲೂ ರೋಗವು ಏರುತ್ತಿದ್ದರೆ ಔಷಧಿಯನ್ನು ಉಪಯೋಗಿಸಬೇಕು. ಔಷಧಿಗಳಲ್ಲಿ ಎರಡು ಬಗೆ. ಮ್ಯಾಂಕೊಜೆಬ್ ಮುಂತಾದವು ಎಲೆಯ ಮೇಲೆ ಕವಚದಂತೆ ನಿಂತು ಬೀಜಾಣುವು ಮೊಳೆಯದಂತೆ ತಡೆಯುತ್ತವೆ, ಒಳಹೊಕ್ಕ ರೋಗವನ್ನು ಮುಟ್ಟುವುದಿಲ್ಲ. ಪ್ರೊಪಿಕೊನಜೋಲ್ ಮುಂತಾದವು ಎಲೆಯೊಳಗೆ ಇಳಿದು, ಅಲ್ಲಿ ಬೆಳೆಯುತ್ತಿರುವ ಶಿಲೀಂಧ್ರವನ್ನೂ ಅಡಗಿಸುತ್ತವೆ. ಒಣಗಿಹೋದ ಚುಕ್ಕೆಯನ್ನು ಯಾವ ಔಷಧಿಯೂ ಹಸುರು ಮಾಡಲಾರದು. ಸಿಂಪರಣೆಯ ಮಾರನೆಯ ವಾರ ಹಳೆಯ ಚುಕ್ಕೆಗಳು ಹಾಗೆಯೇ ಇವೆಯೆಂದು ನಿರಾಶರಾಗಬಾರದು. ಹೊಸ ಎಲೆಗಳು ಶುದ್ಧವಾಗಿ ಬರುತ್ತಿವೆಯೇ ಎಂಬುದನ್ನು ನೋಡಬೇಕು.

ಪ್ರಮಾಣಗಳು: ಪ್ರೊಪಿಕೊನಜೋಲ್ 25 ಇ.ಸಿ. ಆದರೆ ಲೀಟರ್ ನೀರಿಗೆ 1 ಮಿಲಿಲೀಟರ್. ಮ್ಯಾಂಕೊಜೆಬ್ 75 ಪುಡಿಯಾದರೆ ಲೀಟರಿಗೆ 2.5 ಗ್ರಾಂ. ಅಂದರೆ ನೂರು ಲೀಟರ್ ನೀರಿಗೆ ಮೊದಲನೆಯದು 100 ಮಿಲಿಲೀಟರ್, ಎರಡನೆಯದು 250 ಗ್ರಾಂ. ರೋಗದ ಮೊದಲ ಗುರುತು ಕಂಡೊಡನೆ ಆರಂಭಿಸಿ, ಹವೆಯನ್ನೂ ರೋಗದ ಏರಿಳಿತವನ್ನೂ ನೋಡಿಕೊಂಡು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರಾವರ್ತಿ ಹೊಡೆಯುವುದು ವಾಡಿಕೆ. ಸೀಸೆಯ ಅಥವಾ ಪೊಟ್ಟಣದ ಮೇಲಿನ ಚೀಟಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಬೇಕು. ಕೊನೆಯ ಸಿಂಪರಣೆಗೂ ಗೊನೆ ಕಡಿಯುವುದಕ್ಕೂ ನಡುವೆ ಬಿಡಬೇಕಾದ ದಿನಗಳನ್ನು ಸಹ ಆ ಚೀಟಿಯಿಂದಲೇ ತಿಳಿಯಬೇಕು.

ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆಯುವುದು ದೊಡ್ಡ ತಪ್ಪು. 1970ರ ದಶಕದಲ್ಲಿ ಮಧ್ಯ ಅಮೆರಿಕದ ತೋಟಗಳಲ್ಲಿ ಬೆನೋಮಿಲ್ ಎಂಬ ಔಷಧಿಯನ್ನು ಎಡೆಬಿಡದೆ ಉಪಯೋಗಿಸಿದರು. ಕೆಲವೇ ವರ್ಷಗಳಲ್ಲಿ ಶಿಲೀಂಧ್ರವು ಅದಕ್ಕೆ ಒಗ್ಗಿಕೊಂಡು ಔಷಧಿಯು ನಿಷ್ಫಲವಾಯಿತು. ನಮ್ಮ ಅಂಗಡಿಗಳಲ್ಲಿ ದೊರೆಯುವ ಕಾರ್ಬೆಂಡೆಜಿಮ್ ಅದೇ ವರ್ಗಕ್ಕೆ ಸೇರಿದ್ದು. ಪ್ರೊಪಿಕೊನಜೋಲ್, ಟೆಬುಕೊನಜೋಲ್ ಇವೆರಡೂ ಹೆಸರು ಬೇರೆಯಾದರೂ ಒಂದೇ ಕುಲದವು. ಆದ್ದರಿಂದ ಅಂಗಡಿಯವನು ಹೆಸರು ಬದಲಾಯಿಸಿ ಕೊಟ್ಟ ಮಾತ್ರಕ್ಕೆ ಔಷಧಿ ಬದಲಾಯಿತೆಂದು ನಂಬಬಾರದು. ಪ್ರೊಪಿಕೊನಜೋಲ್ ಹೊಡೆದ ಮುಂದಿನ ಸಲ ಮ್ಯಾಂಕೊಜೆಬ್ ಹೊಡೆಯುವುದು ಯುಕ್ತವಾದ ಸರದಿ.

7. ಎಣ್ಣೆಗಳ ಉಪಯೋಗ

ಬಾಳೆಯ ಎಲೆಗೆ ಮೇಣದಂತಹ ಲೇಪವಿರುವುದರಿಂದ ಬರಿಯ ನೀರಿನಲ್ಲಿ ಬೆರೆಸಿದ ಔಷಧಿಯು ಹನಿಗಟ್ಟಿ ಜಾರಿಹೋಗುತ್ತದೆ. ಎಣ್ಣೆಯು ಸೇರಿದರೆ ಔಷಧಿಯು ಎಲೆಯ ಮೇಲೆ ಹರಡಿ, ಅಂಟಿ, ಒಳಗಿಳಿಯುತ್ತದೆ. ಇಷ್ಟೇ ಅಲ್ಲ. 1950ರ ದಶಕದ ಆರಂಭದಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಔಷಧಿಯನ್ನು ಎಣ್ಣೆಯಲ್ಲಿ ಬೆರೆಸಿ ಹೊಡೆಯುತ್ತಿದ್ದ ಫ್ರೆಂಚ್ ಸಂಶೋಧಕರು, ಔಷಧಿಯಿಲ್ಲದ ಬರಿಯ ಎಣ್ಣೆಯೂ ರೋಗವನ್ನು ತಡೆಯುತ್ತದೆಂದು ಕಂಡುಕೊಂಡರು. ಎಣ್ಣೆಯು ಎಲೆಯೊಳಗಿನ ಶಿಲೀಂಧ್ರದ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ. ಅಂದಿನಿಂದ ಬಾಳೆ ಬೆಳೆಯುವ ದೇಶಗಳಲ್ಲಿ ಎಣ್ಣೆಯು ಈ ರೋಗದ ಚಿಕಿತ್ಸೆಯಲ್ಲಿ ಮುಖ್ಯಾಂಗವಾಗಿದೆ.

ಆ ಎಣ್ಣೆಯು ಬೆಳೆಗಾಗಿಯೇ ಶುದ್ಧಿಮಾಡಿ ಮಾರುವ ಖನಿಜ ಎಣ್ಣೆ. ಯಂತ್ರಗಳಿಗೆ ಹಾಕುವ ಎಣ್ಣೆ, ಸೀಮೆಎಣ್ಣೆ, ಡೀಸೆಲ್ ಇವುಗಳನ್ನು ಎಂದಿಗೂ ಹೊಡೆಯಬಾರದು, ಎಲೆ ಸುಟ್ಟುಹೋಗುತ್ತದೆ. ಲೀಟರ್ ನೀರಿಗೆ 10 ಮಿಲಿಲೀಟರ್, ಎಂದರೆ ನೂರು ಲೀಟರಿಗೆ ಒಂದು ಲೀಟರ್ ಎಣ್ಣೆಯನ್ನು ಪ್ರೊಪಿಕೊನಜೋಲಿನ ಜೊತೆಯಲ್ಲಿ ಸೇರಿಸಬಹುದು. ಮೊದಲು ಎಣ್ಣೆಯನ್ನು ಸ್ವಲ್ಪ ನೀರಿನಲ್ಲಿ ಕಡೆದು ಹಾಲಿನಂತೆ ಮಾಡಿಕೊಂಡು, ಅನಂತರ ಔಷಧಿಯನ್ನೂ ಉಳಿದ ನೀರನ್ನೂ ಬೆರೆಸತಕ್ಕದ್ದು.

ಬೇವಿನ ಎಣ್ಣೆ ಮತ್ತು ಹೊಂಗೆ ಎಣ್ಣೆ ನಮ್ಮ ಸೀಮೆಯವೇ. ನೂರು ಲೀಟರ್ ನೀರಿಗೆ ಒಂದು ಲೀಟರ್ ಎಣ್ಣೆಯೂ ಅರ್ಧ ಕಿಲೋ ಸಾಬೂನೂ ಬೇಕು. ಸಾಬೂನನ್ನು ಹೆರೆದು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆಯನ್ನು ಧಾರೆಯಾಗಿ ಬಿಡುತ್ತ ಚೆನ್ನಾಗಿ ಕಡೆಯಬೇಕು. ಎಣ್ಣೆಯು ಮೇಲೆ ತೇಲಿದರೆ ಮಿಶ್ರಣವು ಹದವಾಗಿಲ್ಲವೆಂದು ತಿಳಿದು ಅದನ್ನು ಹೊಡೆಯಬಾರದು. ಈ ಎಣ್ಣೆಗಳ ಬಲವನ್ನು ಇದ್ದಷ್ಟೇ ಹೇಳುವುದು ಯುಕ್ತ. ರೋಗವು ಇನ್ನೂ ಸ್ವಲ್ಪವಾಗಿರುವಾಗ, ಒಣ ಎಲೆಗಳನ್ನು ತೆಗೆದ ತೋಟದಲ್ಲಿ, ಇವು ಸಹಾಯಕವಾಗಿವೆ. ಹಸ್ತ, ಚಿತ್ತೆಯ ಮಳೆಯಲ್ಲಿ ರೋಗವು ಮೂರನೆಯ ಎಲೆಗೆ ಏರಿದ ಮೇಲೆ ಇವುಗಳನ್ನು ಮಾತ್ರ ನಂಬಿ ಕುಳಿತರೆ ಎಲೆ ಉಳಿಯದು.

ಯಾವ ಎಣ್ಣೆಯನ್ನೇ ಆಗಲಿ ಬಿರುಬಿಸಿಲಿನಲ್ಲಿ ಹೊಡೆಯಬಾರದು, ಪ್ರಮಾಣವನ್ನು ಮೀರಬಾರದು, ಮೊದಲು ನಾಲ್ಕಾರು ಗಿಡಗಳಿಗೆ ಹೊಡೆದು ನಾಲ್ಕು ದಿನ ನೋಡಬೇಕು. ಗೊನೆಯ ಮೇಲೆ ಎಣ್ಣೆ ಬಿದ್ದರೆ ಕಾಯಿಯ ಸಿಪ್ಪೆಯಲ್ಲಿ ಕಲೆಯಾಗುತ್ತದೆ. ಗಂಧಕವನ್ನೂ ಕ್ಲೋರೋಥಲೋನಿಲ್ ಎಂಬ ಔಷಧಿಯನ್ನೂ ಎಣ್ಣೆಯೊಂದಿಗೆ ಸೇರಿಸಿದರೆ ಎಲೆ ಸುಡುತ್ತದೆ.

8. ಬೋರ್ಡೋ ದ್ರಾವಣ

ಹಳೆಯ ತಲೆಮಾರಿನ ರೈತರಿಗೆ ಪರಿಚಿತವಾದ ಈ ದ್ರಾವಣವು 1885ರ ಸುಮಾರಿಗೆ ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಯ ರೋಗಕ್ಕಾಗಿ ಬಳಕೆಗೆ ಬಂದಿತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್‌ರವರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಪರೀಕ್ಷಿಸಿ, ಇದರ ಸಿಂಪರಣೆಯನ್ನು ಅಲ್ಲಿ ಬಳಕೆಗೆ ತಂದರು. ಅದಕ್ಕೆ ಮುಂಚೆ ಮಲೆನಾಡಿಗರು ಅಡಕೆಯ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಬಾಳೆಯ ಎಲೆಚುಕ್ಕೆಗೂ 1930ರ ದಶಕದಲ್ಲಿ ಮಧ್ಯ ಅಮೆರಿಕದಲ್ಲಿ ಇದನ್ನೇ ಹೊಡೆದರು.

ಶೇಕಡಾ ಒಂದರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಒಳ್ಳೆಯ ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್ ಬೇಕು. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣವನ್ನು ಬೇರೆಯಾಗಿ ಅರಳಿಸಿ ಉಳಿದ 50 ಲೀಟರಿನಲ್ಲಿ ಕದಡಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಮತ್ತು ತಗಡಿನ ಪಾತ್ರೆ ಕೂಡದು. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆ ಆಗಬಹುದು. ಹೊಳೆಯುವಂತೆ ಉಜ್ಜಿದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ತಾಮ್ರದ ಕೆಂಪು ಹತ್ತಬಾರದು. ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಮುಗಿಸಬೇಕು. ಇದರೊಂದಿಗೆ ಎಣ್ಣೆಯನ್ನಾಗಲಿ ಬೇರೆ ಔಷಧಿಯನ್ನಾಗಲಿ ಬೆರೆಸಬಾರದು. ಇದು ಕವಚದ ಬಗೆಯ ಔಷಧಿಯಾದ್ದರಿಂದ ಮಳೆಗೆ ಮುಂಚೆ ಹೊಡೆದರೆ ಮಾತ್ರ ಪ್ರಯೋಜನ.

9. ಅತ್ಯಗತ್ಯವಾದ ಎಚ್ಚರಿಕೆಗಳು

ಊಟದ ಎಲೆ: ನಮ್ಮಲ್ಲಿ ಬಾಳೆಯ ಎಲೆಯೇ ಊಟದ ತಟ್ಟೆ. ಗೌರಿ ಗಣೇಶನ ಹಬ್ಬ, ನವರಾತ್ರಿ, ದೀಪಾವಳಿ ಇವುಗಳಲ್ಲಿ ಎಲೆಗೆ ಒಳ್ಳೆಯ ಬೆಲೆ ಬರುವುದೂ, ತೋಟಕ್ಕೆ ಔಷಧಿ ಬೀಳುವುದೂ ಒಂದೇ ಕಾಲದಲ್ಲಿ. ಔಷಧಿ ಹೊಡೆದ ಗಿಡದ ಎಲೆಯನ್ನು ಊಟಕ್ಕೆ ಕೊಯ್ಯಲೂಬಾರದು, ಮಾರಲೂಬಾರದು. ಎಣ್ಣೆಯಲ್ಲಿ ಅಂಟಿದ ಔಷಧಿಯು ನೀರಿನಲ್ಲಿ ತೊಳೆದರೆ ಹೋಗುತ್ತದೆಂದು ನಂಬುವುದು ಸರಿಯಲ್ಲ. ಮನೆಯ ಉಪಯೋಗಕ್ಕೂ ಪೇಟೆಗೂ ಎಲೆ ಬೇಕಾದವರು ಸಿಂಪರಣೆಯ ಗಾಳಿ ತಾಕದ ಮೂಲೆಯಲ್ಲಿ ಬೇರೆಯಾಗಿ ಗಿಡಗಳನ್ನು ಬಿಟ್ಟುಕೊಂಡು, ಅಲ್ಲಿ ಕತ್ತಿಯ ಕೆಲಸವೊಂದನ್ನೇ ಮಾಡತಕ್ಕದ್ದು. ಗೊನೆಗಾಗಿ ಬೆಳೆದ ಗಿಡದಿಂದ ಎಲೆ ಕೊಯ್ದರೆ ಎಂಟು ಎಲೆಯ ಲೆಕ್ಕವೂ ತಪ್ಪುತ್ತದೆ.

ದನಕರುಗಳು: ಔಷಧಿ ಬಿದ್ದ ಎಲೆ, ದಿಂಡು, ಸಾಲಿನ ಹುಲ್ಲು ಇವುಗಳನ್ನು ಮೇವಿಗೆ ಹಾಕಬಾರದು.

ಹಿಪ್ಪುನೇರಳೆ: ಮದ್ದೂರು, ಮಳವಳ್ಳಿ ಸೀಮೆಯಲ್ಲಿ ರೇಷ್ಮೆಯಿಂದ ಜೀವಿಸುವ ಮನೆಗಳು ಅನೇಕವಿವೆ. ಬೇವಿನ ಎಣ್ಣೆಯು ಮನುಷ್ಯರಿಗೆ ಸೌಮ್ಯವಾದರೂ ರೇಷ್ಮೆಹುಳುವಿಗೆ ವಿಷಪ್ರಾಯ. ನೆರೆಯ ಹಿಪ್ಪುನೇರಳೆ ತೋಟದ ಕಡೆಗೆ ಗಾಳಿ ಬೀಸುವಾಗ ಬೇವನ್ನಾಗಲಿ ಬೇರೆ ಔಷಧಿಯನ್ನಾಗಲಿ ಹೊಡೆಯಬಾರದು. ಹೊಡೆಯುವ ದಿನವನ್ನು ಆ ಮನೆಯವರಿಗೆ ಮುಂಚಿತವಾಗಿ ತಿಳಿಸುವುದು ನೆರೆಯವರ ಧರ್ಮ. ಒಬ್ಬನ ಗೊನೆ ಉಳಿಸುವ ಕೆಲಸದಿಂದ ಇನ್ನೊಬ್ಬನ ಗೂಡು ಹಾಳಾಗಬಾರದು.

ಕೆರೆ ಮತ್ತು ನಾಲೆ: ಸಿಂಪರಣಾ ಯಂತ್ರವನ್ನೂ ಖಾಲಿ ಸೀಸೆಗಳನ್ನೂ ಕೆರೆಯಲ್ಲಿ, ನಾಲೆಯಲ್ಲಿ ತೊಳೆಯಬಾರದು. ತಾಮ್ರವು ಮೀನಿಗೆ ವಿಷ. ತೊಳೆದ ನೀರನ್ನು ತೋಟದ ಮಣ್ಣಿನಲ್ಲಿಯೇ ಇಂಗಿಸಬೇಕು. ಖಾಲಿ ಡಬ್ಬಗಳನ್ನು ಮನೆಯ ಉಪಯೋಗಕ್ಕೆ ತರಬಾರದು.

ಆಳುಗಳು: ಬಾಳೆಗೆ ಔಷಧಿಯನ್ನು ತಲೆಯ ಮೇಲಕ್ಕೆ ಹೊಡೆಯಬೇಕಾದ್ದರಿಂದ ಅದು ಹೊಡೆಯುವವನ ಮುಖದ ಮೇಲೆಯೇ ಇಳಿಯುತ್ತದೆ. ಮುಖ, ಕಣ್ಣು, ಕೈಗಳಿಗೆ ರಕ್ಷೆಯನ್ನೂ ಮೈತುಂಬ ಬಟ್ಟೆಯನ್ನೂ ಒದಗಿಸುವುದು ತೋಟದ ಯಜಮಾನನ ಹೊಣೆ. ಗಾಳಿಗೆ ಬೆನ್ನುಮಾಡಿ ಹೊಡೆಯಬೇಕು. ನಡುವೆ ಎಲೆ ಅಡಕೆ, ಬೀಡಿ ಕೂಡದು. ಕೆಲಸವಾದ ಮೇಲೆ ಸಾಬೂನಿನಿಂದ ಸ್ನಾನ ಮಾಡತಕ್ಕದ್ದು.

10. ಊರೊಟ್ಟಿನ ಕೆಲಸ

ಈ ರೋಗವನ್ನು ಒಬ್ಬಂಟಿಗನು ಗೆಲ್ಲುವುದು ಕಷ್ಟವೆಂಬುದು ಮೇಲಿನ ವಿವರದಿಂದ ತಿಳಿದಿರುತ್ತದೆ. ಇಲ್ಲಿಯೇ ಗ್ರಾಮದ ಯಜಮಾನರ ಸಹಾಯವು ಅವಶ್ಯಕ. ನಾಲೆಯ ನೀರಿಗೆ ಸರದಿ ಗೊತ್ತುಮಾಡುವ ಊರು, ಕೆರೆಯ ತೂಬಿಗೆ ಕಾವಲಿಡುವ ಊರು, ಬಾಳೆಯ ಒಣ ಎಲೆಗೂ ಒಂದು ದಿನ ಗೊತ್ತುಮಾಡುವುದು ದೊಡ್ಡ ಕೆಲಸವಲ್ಲ.

ರೋಹಿಣಿ ಮಳೆಗೆ ಮುಂಚೆ ಒಂದು ದಿನವನ್ನು ನಿಶ್ಚಯಿಸಿ, ಬಾಳೆ ಬೆಳೆದಿರುವ ಪ್ರತಿಯೊಬ್ಬರೂ ಅಂದು ತಮ್ಮ ತಮ್ಮ ತೋಟದ ಒಣ ಎಲೆಗಳನ್ನು ತೆಗೆದು ಗುಂಡಿಗೆ ಹಾಕುವಂತೆ ಏರ್ಪಾಟು ಮಾಡಬೇಕು. ಒಡೆಯರು ಪರಸ್ಥಳದಲ್ಲಿದ್ದು ಕೈಬಿಟ್ಟಿರುವ ಕೂಳೆ ತೋಟಗಳಿದ್ದರೆ ಅವರಿಗೆ ಹೇಳಿಕಳುಹಿಸಿ, ಅವರ ಒಪ್ಪಿಗೆಯಿಂದ ಊರವರೇ ಅದನ್ನು ತೆಗೆಸಬೇಕು. ಎರಡೆಕರೆ, ಒಂದೆಕರೆಯ ಸಣ್ಣ ಹಿಡುವಳಿದಾರರು ಎತ್ತರಕ್ಕೆ ಹೊಡೆಯಬಲ್ಲ ಸಿಂಪರಣಾ ಯಂತ್ರವನ್ನು ಪ್ರತ್ಯೇಕವಾಗಿ ಕೊಳ್ಳುವ ಬದಲು ನಾಲ್ಕಾರು ಮಂದಿ ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಅಕ್ಕಪಕ್ಕದ ತೋಟಗಳಿಗೆ ಒಂದೇ ವಾರದಲ್ಲಿ ಸಿಂಪರಣೆಯಾದರೆ ಅದರ ಫಲವು ಬಿಡಿಬಿಡಿಯಾಗಿ ಹೊಡೆದುದಕ್ಕಿಂತ ಹೆಚ್ಚು.

ರೋಗದ ವಿಷಯದಲ್ಲಿ ಸಂಶಯವಿದ್ದವರು ಚುಕ್ಕೆಯಿರುವ ಎಲೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಛೇರಿಯಲ್ಲಾಗಲಿ ಮಂಡ್ಯದ ವಿ.ಸಿ. ಫಾರಂನಲ್ಲಾಗಲಿ ತೋರಿಸಿ ವಿಚಾರಿಸಬಹುದು. ಔಷಧಿಯ ಅಂಗಡಿಗೆ ಹೋಗುವುದಕ್ಕೆ ಮುಂಚೆ ಇದನ್ನು ಮಾಡುವುದು ಲಾಭಕರ.

11. ವರ್ಷದ ಕೆಲಸಗಳ ಸಾರಾಂಶ

ಮೇ ತಿಂಗಳು: ಒಣ ಎಲೆ ತೆಗೆಯುವುದು, ಬಸಿಗಾಲುವೆ ಬಿಡಿಸುವುದು, ಹತ್ತು ಗಿಡಗಳಿಗೆ ಗುರುತು ಹಾಕುವುದು.

ಜೂನ್, ಜುಲೈ: ವಾರಕ್ಕೊಮ್ಮೆ ಎಲೆಯ ಲೆಕ್ಕ. ಕಂದು ಕೀಳುವುದು. ರೋಗವು ಅಲ್ಪವಾಗಿದ್ದರೆ ಬೇವಿನ ಅಥವಾ ಹೊಂಗೆಯ ಎಣ್ಣೆ.

ಆಗಸ್ಟ್: ರೋಗವು ಸುಳಿಯ ಕಡೆಗೆ ಏರುತ್ತಿದ್ದರೆ ಪ್ರೊಪಿಕೊನಜೋಲ್ ಮತ್ತು ಖನಿಜ ಎಣ್ಣೆಯ ಸಿಂಪರಣೆ. ಊಟದ ಎಲೆಯ ಗಿಡಗಳನ್ನು ಬೇರೆಯಾಗಿಡುವುದು.

ಸೆಪ್ಟೆಂಬರಿನಿಂದ ನವೆಂಬರ್: ಮಳೆ ಬಿಟ್ಟ ಹೊಳಪಿನಲ್ಲಿ ಸರದಿಯ ಮೇಲೆ ಔಷಧಿ. ಒಣ ಭಾಗಗಳನ್ನು ಕತ್ತರಿಸುತ್ತಿರುವುದು.

ಡಿಸೆಂಬರಿನಿಂದ ಏಪ್ರಿಲ್: ಇಬ್ಬನಿ ಕಳೆದು ಬಿಸಿಲು ಬಲಿತ ಮೇಲೆ ಔಷಧಿಯ ಅಗತ್ಯವು ಸಾಮಾನ್ಯವಾಗಿ ಇರುವುದಿಲ್ಲ. ಕೂಳೆಯನ್ನು ಮುಂದುವರಿಸದಿದ್ದರೆ ಗೊನೆ ಕಡಿದ ಕೂಡಲೆ ಗೆಡ್ಡೆ ಸಹಿತ ತೆಗೆದುಹಾಕುವುದು.

ಈ ಕ್ರಮಗಳಲ್ಲಿ ಹೆಚ್ಚಿನವು ಹಣವನ್ನು ಬೇಡುವುದಿಲ್ಲ, ಕಾಲಕ್ಕೆ ಸರಿಯಾದ ಗಮನವನ್ನು ಬೇಡುತ್ತವೆ. ಕತ್ತಿಯ ಕೆಲಸವು ಮೊದಲು, ಲೆಕ್ಕವು ಜೊತೆಯಲ್ಲಿ, ಔಷಧಿಯು ಕೊನೆಯಲ್ಲಿ ಎಂಬ ಅನುಕ್ರಮವನ್ನು ಬಿಡದೆ ನಡೆಸಿದವರ ತೋಟದಲ್ಲಿ ಮೂತಿ ಹೊರಡುವ ದಿನ ಎಂಟು ಎಲೆಗಳು ಉಳಿಯುತ್ತವೆ. ಓದಲು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಬೇಕೆಂದು ಗ್ರಾಮದ ಯಜಮಾನರನ್ನು ಕೋರಲಾಗಿದೆ.